ಬ್ರಿಡ್ಜ್‌ಟೌನೋ, ವಿಲೆಮ್‌ಸ್ಟಾಡೋ?

ಕೆರಿಬಿಯನ್‌ನಲ್ಲಿ ಹಡಗಿಗೆ ದಾರಿ ಬಿಡುವ ಕಾಲುಸೇತುವೆ ಒಂದನ್ನೇ ನೋಡಲು ಸಮಯವಿದೆಯಾ? ಹಾಗಾದರೆ ಕುರಾಸಾವ್ ದ್ವೀಪದ ವಿಲೆಮ್‌ಸ್ಟಾಡ್‌ಗೆ ಹೋಗಿ. ಅಲ್ಲಿನ ಕ್ವೀನ್ ಎಮ್ಮಾ ಸೇತುವೆ 1888ರದ್ದು, ಸಾಲು ದೋಣಿಗಳ ಮೇಲೆ ತೇಲುತ್ತದೆ. ಹಡಗು ಬಂತೆಂದರೆ ಗಂಟೆ ಬಾರಿಸುತ್ತದೆ. ಒಂದು ತುದಿ ಒಟ್ರೊಬಾಂಡಾ ದಡಕ್ಕೆ ಅಂಟಿಕೊಂಡೇ ಇರುತ್ತದೆ. ಇನ್ನೊಂದು ತುದಿಯ ಡೀಸೆಲ್ ಎಂಜಿನ್ ಇಡೀ ಸೇತುವೆಯನ್ನು ಬಾಗಿಲಿನಂತೆ ಪಕ್ಕಕ್ಕೆ ತಳ್ಳುತ್ತದೆ. ಕಾಲಡಿಯ ಹಲಗೆ ಮೆಲ್ಲಗೆ ತೂಗುತ್ತದೆ, ಎಂಥ ಖುಷಿ ಅಲ್ವಾ! ಸೇತುವೆ ತೆರೆದಾಗ ದಾಟಲು ಉಚಿತ ದೋಣಿಯೂ ಇದೆ.

ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿರುವ ಚೇಂಬರ್ಲೇನ್ ಸೇತುವೆ ತುಂಬಾ ಚಿಕ್ಕದು, ಮೇಲಕ್ಕೆ ಏಳುವಂಥದ್ದು. ಹಳೆಯದು ತಿರುಗುತ್ತಿತ್ತು, ಈಗಿನದು 2006ರದ್ದು. ಸುಮ್ನೆ ದಾಟಿ, ದಡದಲ್ಲಿ ನಿಂತು ದೋಣಿ ನೋಡಲು ಇದೇ ಚೆಂದ. ಕ್ರಿಕೆಟ್‌ಗೆಂದು ಕೆನ್ಸಿಂಗ್ಟನ್ ಓವಲ್‌ಗೆ ಹೋದವರಂತೂ ಬಿಡಬೇಡಿ.