ರೆಟ್ರೊ ಆರ್ಕೇಡ್: ಕಾರ್ಡಿಗೆ ದುಡ್ಡು ಹಾಕಿಸುವ ಮೊದಲು ಜಾಯ್‌ಸ್ಟಿಕ್ ಮುಟ್ಟಿ ನೋಡಿ

ವಾರಾಂತ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಯಾವುದಾದರೂ "ರೆಟ್ರೊ ಆರ್ಕೇಡ್"ಗೆ, ಅಂದರೆ ಹಳೆ ಕಾಲದ ವಿಡಿಯೋ ಗೇಮ್ ಮಿಷನ್‌ಗಳನ್ನು ಇಟ್ಟ ಜಾಗಕ್ಕೆ, ಹೋಗುವ ಯೋಚನೆ ಇದ್ದರೆ, ಕೌಂಟರಿನಲ್ಲಿ ಫೋನ್ ತೆಗೆದು ಸ್ಕ್ಯಾನ್ ಮಾಡುವ ಮೊದಲು ಒಳಗೆ ಒಂದು ಸುತ್ತು ಹಾಕಿ. ಕಾರ್ಡಿಗೆ ದುಡ್ಡು ಬಿದ್ದ ಮೇಲೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ನನಗೆ ಆದದ್ದನ್ನು ಬರೆಯುತ್ತಿದ್ದೇನೆ. ಜಾಗದ ಹೆಸರು ಹಾಕುತ್ತಿಲ್ಲ. ಇದೇ ಪದ್ಧತಿ ಬೇರೆ ಕಡೆಯೂ ಇದೆ, ಒಂದನ್ನು ತಪ್ಪಿಸಿಕೊಂಡವರು ಇನ್ನೊಂದರಲ್ಲಿ ಸಿಕ್ಕಿಕೊಳ್ಳಬಾರದು ಅಷ್ಟೆ.

ಇಂದಿರಾನಗರ ಮೆಟ್ರೊ ಇಳಿದು ನಡೆದು ಹೋಗುವಷ್ಟು ದೂರ. ಕೆಳಗೆ ಪಬ್, ಮೇಲೆ ಆರ್ಕೇಡ್. ಇನ್‌ಸ್ಟಾಗ್ರಾಂ ಜಾಹೀರಾತಿನಲ್ಲಿ "80ರ ದಶಕದ ಒರಿಜಿನಲ್ ಮಿಷನ್‌ಗಳು" ಎಂದು ದೊಡ್ಡದಾಗಿ ಹಾಕಿದ್ದರು. ನಾನು ತೊಂಬತ್ತರ ದಶಕದಲ್ಲಿ ರಾಜಾಜಿನಗರದಲ್ಲಿ ಬೆಳೆದವನು. ಒಂದೇ ಶಟರಿನ ವಿಡಿಯೋ ಗೇಮ್ ಅಂಗಡಿ, ಹಿಂದೆ ನಿಂತು ಸಲಹೆ ಕೊಡುವ ಹುಡುಗರ ಗುಂಪು, ಯೂನಿಫಾರ್ಮಿನಲ್ಲಿ ಬಂದವರನ್ನು ಬಯ್ದು ಓಡಿಸುವ ಅಂಗಡಿ ಮಾಲೀಕ, ಇವೆಲ್ಲ ನೋಡಿದವನು. ಗೇಮ್ ಕಂಪನಿ ಕ್ಯಾಪ್‌ಕಾಮ್‌ನವರ 1993ರ "ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್" ಆಟಕ್ಕೆ ಅಂಥ ಹೆಸರಿದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿದ್ದ ಒಬ್ಬ ಹೀರೊನ ಹೆಸರು ಹಿಡಿದು ಎಲ್ಲರೂ "ಮುಸ್ತಫಾ" ಅನ್ನುತ್ತಿದ್ದೆವು. ಅಂಥ ಮಿಷನ್ ಮುಂದೆ ಮತ್ತೆ ನಿಲ್ಲಬಹುದು ಅಂದರೆ ಯಾರಿಗೆ ಆಸೆ ಆಗಲ್ಲ ಹೇಳಿ? ಪಿಯುಸಿ ಓದುತ್ತಿರುವ ಅಕ್ಕನ ಮಗನನ್ನು ಕರೆದುಕೊಂಡು ಹೊರಟೆ.

ಮೊದಲು ಕಾರ್ಡಿನ ವಿಷಯ. ದುಡ್ಡು ಹೋಗುವುದೇ ಅಲ್ಲಿ.

ನಾಣ್ಯ ಇಲ್ಲ, ಟೋಕನ್ ಇಲ್ಲ. ಪ್ಲಾಸ್ಟಿಕ್ ಕಾರ್ಡಿಗೆ ನೂರು ರೂಪಾಯಿ, ಅದು ವಾಪಸ್ ಇಲ್ಲ. ಅದಕ್ಕೆ ಮೊದಲ ಸಲದ ಕನಿಷ್ಠ ರೀಚಾರ್ಜ್ 1,200 ರೂಪಾಯಿ. ಆ 1,200 ಕಾರ್ಡಿಗೆ ಹೋಗುವಾಗ 480 ಪಾಯಿಂಟ್ ಆಗುತ್ತದೆ. ಮಿಷನ್ ಮೇಲೆ ಎಲ್ಲೂ ರೂಪಾಯಿ ಬರೆದಿಲ್ಲ, ಬರೀ 18, 27, 36 ಅಂತ ಇದೆ. ಹದಿನೆಂಟು ಅಂದರೆ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ: ಒಂದು ಪಾಯಿಂಟಿಗೆ ಎರಡೂವರೆ ರೂಪಾಯಿ. ಅಂದರೆ 18 ಪಾಯಿಂಟಿನ ಪ್ಯಾಕ್‌ಮನ್ ಆಟ ಒಂದು ಸಲಕ್ಕೆ 45 ರೂಪಾಯಿ. ಇಬ್ಬರು ಸೇರಿ ಫೈಟಿಂಗ್ ಆಟ ಆಡಿದರೆ ಇಬ್ಬರದೂ ಬೇರೆ ಬೇರೆ ಸ್ವೈಪ್, 90 ರೂಪಾಯಿ. ಸೋತು "ಕಂಟಿನ್ಯೂ" ಒತ್ತಿದರೆ ಇನ್ನೊಂದು 45. ಕೊನೆಗೆ ನಮ್ಮ ಕಾರ್ಡಿನಲ್ಲಿ 12 ಪಾಯಿಂಟ್ ಉಳಿಯಿತು. ಅತಿ ಕಡಿಮೆಯ ಆಟಕ್ಕೆ 18 ಬೇಕು. ಆ ಮೂವತ್ತು ರೂಪಾಯಿ ಬಳಸಬೇಕಾದರೆ ಮತ್ತೆ ಐನೂರು ಹಾಕಿಸಬೇಕು. ಈ ಬೆಲೆಗಳನ್ನು ಸುಮ್ನೆ ಬಾಯಿಗೆ ಬಂದಂತೆ ಇಟ್ಟಿದ್ದಾರೆ ಅಂತ ನನಗೆ ಅನ್ನಿಸಲಿಲ್ಲ.

ಇಂಥ ಕಾರ್ಡಿಗೆ ರಿಸರ್ವ್ ಬ್ಯಾಂಕ್ "ಕ್ಲೋಸ್ಡ್ ಸಿಸ್ಟಮ್" ಅನ್ನುತ್ತದೆ. ಕೊಟ್ಟವರ ಅಂಗಡಿಯಲ್ಲಿ ಮಾತ್ರ ನಡೆಯುತ್ತದೆ, ನಗದು ವಾಪಸ್ ತೆಗೆಯಲು ಬರುವುದಿಲ್ಲ, ಇದನ್ನು ಕೊಡಲು ರಿಸರ್ವ್ ಬ್ಯಾಂಕಿನ ಅನುಮತಿಯೂ ಬೇಕಿಲ್ಲ. ಹಾಗಾಗಿ "ಎರಡೂವರೆ ಸಾವಿರ ಹಾಕಿಸಿ ಸಾರ್, ಬೋನಸ್ ಜಾಸ್ತಿ" ಅಂದರೆ ಕಣ್ಣು ಮುಚ್ಚಿ ಬೇಡ ಅನ್ನಿ. ನಮಗೆ ಕೊಟ್ಟ ಬೋನಸ್ ಪಾಯಿಂಟನ್ನು ಅದೇ ದಿನ ಮುಗಿಸಬೇಕಿತ್ತು. ಅದು ಕಾರ್ಡಿನ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿತ್ತು. ಗೂಗಲ್‌ನಲ್ಲಿ ಐದು ಸ್ಟಾರ್ ಕೊಟ್ಟು ಸ್ಕ್ರೀನ್ ತೋರಿಸಿದರೆ ಇನ್ನೊಂದಿಷ್ಟು ಪಾಯಿಂಟ್ ಅಂತಲೂ ಹೇಳಿದರು. ಆ ಜಾಗಕ್ಕೆ ಅಷ್ಟು ಒಳ್ಳೆ ರೇಟಿಂಗ್ ಹೇಗೆ ಬಂತು ಅಂತ ಆಗ ಗೊತ್ತಾಯಿತು.

ಇನ್ನು "ಒರಿಜಿನಲ್" ಮಿಷನ್‌ಗಳ ಕಥೆ.

ಪ್ಯಾಕ್‌ಮನ್ 1980ರಲ್ಲಿ ಜಪಾನಿನ ನಾಮ್ಕೊ ತಂದ ಆಟ. ಅದರ ಪರದೆ ಉದ್ದಕ್ಕೆ ನಿಂತಿರುತ್ತದೆ, ಅಗಲಕ್ಕಿಂತ ಎತ್ತರ ಜಾಸ್ತಿ. ಇಲ್ಲಿ ಮಾಮೂಲಿ ಅಗಲದ ಎಲ್‌ಸಿಡಿ ಮಾನಿಟರಿನಲ್ಲಿ ಅದನ್ನು ಎಳೆದು ತುಂಬಿಸಿದ್ದರು. ದುಂಡಗಿರಬೇಕಾದ ಪ್ಯಾಕ್‌ಮನ್ ಅಡ್ಡ ಮಲಗಿಸಿದ ಮೊಟ್ಟೆಯ ಹಾಗೆ ಓಡಾಡುತ್ತಿದ್ದ. ಮೂಲ ಮಿಷನ್‌ನಲ್ಲಿ ಜಾಯ್‌ಸ್ಟಿಕ್ ನಾಲ್ಕೇ ದಿಕ್ಕಿಗೆ ಹೋಗುತ್ತದೆ. ಇಲ್ಲಿದ್ದದ್ದು ಎಂಟು ದಿಕ್ಕಿನದು. ತಿರುವಿನಲ್ಲಿ ಕೈ ಸ್ವಲ್ಪ ಓರೆಯಾದರೂ ಯಾವ ಕಡೆ ಹೋಗಬೇಕು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಿಂತುಬಿಡುತ್ತದೆ. ಹಿಂದಿನಿಂದ ಭೂತ ಬಂದು ತಿಂದುಹಾಕುತ್ತದೆ. 45 ರೂಪಾಯಿ ಅಲ್ಲಿಗೆ ಮುಗಿಯಿತು.

ಆಟದ ಮಧ್ಯೆ ಒಂದು ಮಿಷನ್ ಹ್ಯಾಂಗ್ ಆಯಿತು. ಕೆಲಸದ ಹುಡುಗ ಬೀಗದ ಕೈ ತಂದು ಹಿಂದಿನ ಬಾಗಿಲು ತೆಗೆದ. ನಾನೂ ಬಗ್ಗಿ ನೋಡಿದೆ. ಹಳೆ ಮಿಷನ್ ಆಗಿದ್ದರೆ ಒಳಗೆ ಇಬ್ಬರು ಹಿಡಿದು ಎತ್ತುವಂಥ ಪಿಕ್ಚರ್ ಟ್ಯೂಬ್ ಇರಬೇಕು, ದೊಡ್ಡ ಬೋರ್ಡು ಇರಬೇಕು. ಇಲ್ಲಿ ಅಂಗೈ ಅಗಲದ ಒಂದು ಸರ್ಕ್ಯೂಟ್ ಬೋರ್ಡು, ಎಚ್‌ಡಿಎಂಐ ವೈರು, ಸ್ಕ್ರೂ ಹಾಕಿ ನಿಲ್ಲಿಸಿದ ಮಾನಿಟರು. ಉಳಿದದ್ದೆಲ್ಲ ಖಾಲಿ ಎಂಡಿಎಫ್ ಪೆಟ್ಟಿಗೆ, ಮೂಲೆಯಲ್ಲಿ ಒಂದು ನೀರಿನ ಬಾಟಲಿ. ಪ್ಲಗ್ ಕಿತ್ತು ಹಾಕಿದ ಮೇಲೆ ಪರದೆ ತುಂಬ ಚೀನಿ ಅಕ್ಷರ ಬಂತು, ಆಮೇಲೆ ಸಾವಿರಾರು ಆಟಗಳ ಪಟ್ಟಿ. ಹುಡುಗ ಗಡಿಬಿಡಿಯಲ್ಲಿ ಅದನ್ನು ದಾಟಿಸಿ ಪ್ಯಾಕ್‌ಮನ್‌ಗೆ ಬಂದ. ಪಟ್ಟಿಯಲ್ಲಿ ಒಂದೇ ಆಟ ನಾಲ್ಕಾರು ಹೆಸರಿನಲ್ಲಿ ಇದ್ದದ್ದು ಅಷ್ಟರಲ್ಲೇ ಕಾಣಿಸಿತು. ಮನೆಯಲ್ಲಿ ಟಿವಿ ಗೇಮಿಗೆ "9999 ಇನ್ 1" ಕ್ಯಾಸೆಟ್ ಹಾಕಿ ಅದೇ ಕಾಂಟ್ರಾ, ಅದೇ ಮಾರಿಯೊ ನೋಡಿದವರಿಗೆ ಇದು ಹೊಸದಲ್ಲ.

ಹಳೆ ಮಿಷನ್‌ನ ಕೆಲಸವನ್ನು ಅನುಕರಿಸುವ ಸಾಫ್ಟ್‌ವೇರ್, ಅಂದರೆ ಎಮ್ಯುಲೇಟರ್, ಬಳಸುವುದೇ ಮೋಸ ಅಂತ ನಾನು ಹೇಳುತ್ತಿಲ್ಲ. 1997ರಲ್ಲಿ ಶುರುವಾದ ಮೇಮ್ ಥರದ ಎಮ್ಯುಲೇಟರ್ ಯೋಜನೆಗಳಿಂದಲೇ ಎಷ್ಟೋ ಹಳೆ ಆಟಗಳು ಇನ್ನೂ ಉಳಿದಿವೆ. ಆದರೆ ಇಂಥ ಚೀನಾ ಬೋರ್ಡನ್ನು ಹೊಸ ಪೆಟ್ಟಿಗೆಯಲ್ಲಿಟ್ಟು, ಪಕ್ಕಕ್ಕೆ ಸ್ಟಿಕರ್ ಅಂಟಿಸಿ, ಒರಿಜಿನಲ್ ಅಂತ ಹೇಳಿ ಒರಿಜಿನಲ್ ರೇಟು ತೆಗೆದುಕೊಳ್ಳುವುದು ಬೇರೆ ಮಾತು. ಮುಸ್ತಫಾ ಮೂಲದಲ್ಲಿ ಮೂರು ಜನ ಒಟ್ಟಿಗೆ ಆಡುವ ಆಟ. ಇಲ್ಲಿ ಇಬ್ಬರಿಗೆ ಮಾತ್ರ ಜಾಗ.

ನನಗೆ ತುಂಬ ಬೇಜಾರಾಗಿದ್ದು ಸ್ಟ್ರೀಟ್ ಫೈಟರ್ 2ರ ಹತ್ತಿರ. 1991ರ ಈ ಆಟಕ್ಕೆ ಆರು ಬಟನ್: ಮೂರು ಪಂಚ್, ಮೂರು ಕಿಕ್. ಎರಡನೆಯವನ ಕಡೆ ಹೆವಿ ಕಿಕ್ ಬಟನ್ ಒಳಗೇ ಸಿಕ್ಕಿಕೊಂಡಿತ್ತು. ಸರಿ, ಅದನ್ನು ಬಿಡಿ. ಕೈಯಿಂದ ಬೆಂಕಿಯುಂಡೆ ಬಿಡುವ ಹಡೂಕೆನ್ ಕೂಡ ಬರುತ್ತಿಲ್ಲ! ಕೆಳಗೆ, ಓರೆ, ಮುಂದೆ, ಪಂಚ್. ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನನ್ನ ಕೈ ಮಾಡುತ್ತದೆ. "ಮಾಮ, ನಿಮಗೆ ವಯಸ್ಸಾಯ್ತು" ಅಂತ ಅಕ್ಕನ ಮಗ ನಕ್ಕ. ಆಮೇಲೆ ತಾನೇ ಆಡಿ ನೋಡಿ ಮುಖ ಸಣ್ಣ ಮಾಡಿಕೊಂಡು, ಫೋನ್ ತೆಗೆದು ನನ್ನ ಬೆರಳು ಮತ್ತು ಪರದೆ ಎರಡೂ ಕಾಣುವ ಹಾಗೆ ಸ್ಲೋ ಮೋಷನ್‌ನಲ್ಲಿ ಹಿಡಿದ. ಸೆಕೆಂಡಿಗೆ 240 ಫ್ರೇಮಿನ, ಅಂದರೆ 240 ಬಿಡಿ ಚಿತ್ರಗಳ, ವಿಡಿಯೋ. ಬಟನ್ ಕೆಳಗೆ ಹೋದ ಮೇಲೆ ಪರದೆಯ ಮೇಲೆ ಕೈ ಆಡಲು ಹತ್ತಿರಹತ್ತಿರ 25 ಫ್ರೇಮ್ ಹಿಡಿಯಿತು. ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಆಟ ಓಡುವುದು ಸೆಕೆಂಡಿಗೆ ಸುಮಾರು 60 ಫ್ರೇಮಿನಲ್ಲಿ, ಆ ಲೆಕ್ಕದಲ್ಲಿ ಆರು ಫ್ರೇಮ್ ತಡ. ಹಳೆ ಪಿಕ್ಚರ್ ಟ್ಯೂಬು ಸಿಗ್ನಲ್ ಬಂದ ಕೂಡಲೇ ಗೆರೆ ಗೆರೆಯಾಗಿ ಬರೆಯುತ್ತಾ ಹೋಗುತ್ತದೆ, ಅದಕ್ಕೆ ಅಲ್ಲಿ ಪರದೆಯಿಂದ ಆಗುವ ತಡ ಹೆಚ್ಚುಕಡಿಮೆ ಇರುವುದೇ ಇಲ್ಲ. ಇಲ್ಲಿ ಅಗ್ಗದ ಬೋರ್ಡು ಒಂದಿಷ್ಟು ಹೊತ್ತು ತಿನ್ನುತ್ತದೆ, ಎಲ್‌ಸಿಡಿ ಒಂದಿಷ್ಟು. ನೀವು ಹೊಡೆತ ತಡೆಯಲು ಹೋಗುವ ಹೊತ್ತಿಗೆ ಹೊಡೆತ ಬಿದ್ದಾಗಿರುತ್ತದೆ. ಚೆನ್ನಾಗಿ ಆಡುವವರೂ ಬೇಗ ಸೋಲುತ್ತಾರೆ, ಬೇಗ ಸ್ವೈಪ್ ಮಾಡುತ್ತಾರೆ.

ಬಟನ್ ಕೆಟ್ಟ ಮಿಷನ್‌ಗೆ ಹೋದ ಪಾಯಿಂಟ್ ವಾಪಸ್ ಕೇಳಿದೆ. "ಸಿಸ್ಟಮ್‌ನಲ್ಲಿ ರಿವರ್ಸ್ ಆಪ್ಷನ್ ಇಲ್ಲ ಸಾರ್" ಅಂದ ಕೆಲಸದ ಹುಡುಗ. ಪಾಪ, ಅವನ ಕೈಯಲ್ಲಿ ಏನೂ ಇರಲಿಲ್ಲ. ಮ್ಯಾನೇಜರ್ ಬಂದು ಗೋಡೆಯ ಮೇಲಿನ "ನೋ ರೀಫಂಡ್" ಬೋರ್ಡು ತೋರಿಸಿದರು. ಬಿಲ್ ಕೇಳಿದರೆ ಎಸ್ಸೆಮ್ಮೆಸ್ ಬಂದಿದೆಯಲ್ಲ ಅಂದರು. ಅದರಲ್ಲಿ ಪಾಯಿಂಟ್ ಇತ್ತು, ರೂಪಾಯಿ ಇರಲಿಲ್ಲ.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಿ. ಗೋಡೆಗೆ ಬೋರ್ಡು ಹಾಕಿದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದು, ಸೇವೆಯಲ್ಲಿ ಕೊರತೆ ಇದ್ದಾಗ ದುಡ್ಡು ವಾಪಸ್ ಕೊಡಲು ಒಪ್ಪದಿರುವುದು, ಎರಡೂ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿವೆ. ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಹೇಳಿದೆ. ನಂಬರ್ ಕೊಟ್ಟ ಮೇಲೆ ನನಗೆ ಈಗ ದಿನಾ ಬರ್ತ್‌ಡೇ ಪಾರ್ಟಿ ಪ್ಯಾಕೇಜಿನ ಮೆಸೇಜು ಬರುತ್ತಿದೆ.

ಕೊಕ್ಕೆಯಿಂದ ಗೊಂಬೆ ಎತ್ತುವ ಕ್ಲಾ ಮಿಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅರ್ಧ ಹಾಲ್ ಅದರದ್ದೇ. ಕೊಕ್ಕೆಯ ಹಿಡಿತ ಎಷ್ಟು ಬಿಗಿ ಇರಬೇಕು ಅಂತ ನಡೆಸುವವರು ಸೆಟ್ ಮಾಡಿ ಇಡಬಹುದು. ಚಿಕ್ಕ ಮಕ್ಕಳಿದ್ದರೆ ಆ ಕಡೆ ತಿರುಗದ ಹಾಗೆ ನೋಡಿಕೊಳ್ಳಿ.

ಹೋಗಲೇಬೇಕು ಅಂದರೆ, ಗೂಗಲ್‌ನಲ್ಲಿ ಸ್ಟಾರ್ ಬಿಟ್ಟು ಜನ ಹಾಕಿದ ಫೋಟೋ ನೋಡಿ. ಪರದೆ ಅಗಲವಾಗಿದ್ದು ಎಲ್ಲ ಪೆಟ್ಟಿಗೆಯೂ ಒಂದೇ ಥರ ಕಂಡರೆ ಒಳಗೂ ಒಂದೇ ಬೋರ್ಡು ಅಂತ ತಿಳಿಯಿರಿ. ಗಂಟೆಗೆ ಇಷ್ಟು ಅಂತ ತೆಗೆದುಕೊಳ್ಳುವ ಜಾಗ ಸಿಕ್ಕರೆ ಅದೇ ವಾಸಿ, ಮಿಷನ್ ಕೆಟ್ಟರೆ ಪಕ್ಕದ್ದಕ್ಕೆ ಹೋಗಬಹುದು. ಕಾರ್ಡಿನ ಜಾಗವಾದರೆ "ಒಂದು ನಿಮಿಷ ಮುಟ್ಟಿ ನೋಡ್ತೀವಿ" ಅಂತ ಕೇಳಿ, ಜಾಯ್‌ಸ್ಟಿಕ್ ಎಲ್ಲ ದಿಕ್ಕಿಗೂ ಆಡಿಸಿ, ಎಲ್ಲ ಬಟನ್ ಒತ್ತಿ ನೋಡಿ. ಅದಕ್ಕೂ ಬಿಡದಿದ್ದರೆ ಕೆಳಗಿಳಿದು ಕಾಫಿ ಕುಡಿದು ಮನೆಗೆ ಬನ್ನಿ. ಆಟದ ಆಸೆಯೇ ಮುಖ್ಯ ಅನ್ನುವವರಿಗೆ ಕ್ಯಾಪ್‌ಕಾಮ್‌ನವರೇ 2021ರಲ್ಲಿ ತಂದ ಆರ್ಕೇಡ್ ಸ್ಟೇಡಿಯಂ ಅನ್ನುವ ಹಳೆ ಆಟಗಳ ಸಂಗ್ರಹ ಇದೆ. ಸ್ಟ್ರೀಟ್ ಫೈಟರ್ 2 ಅದರಲ್ಲೇ ಸಿಗುತ್ತದೆ, ಮನೆಯಲ್ಲೇ ಆಡಬಹುದು.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಅಕ್ಕನ ಮಗ ತೆಗೆದ ವಿಡಿಯೋ, ಯುಪಿಐ ರಸೀದಿ, "ನೋ ರೀಫಂಡ್" ಬೋರ್ಡಿನ ಫೋಟೋ ಎಲ್ಲ ಎತ್ತಿಟ್ಟುಕೊಂಡಿದ್ದೇನೆ. ಅದಾದ ಮೇಲೆ ಮ್ಯಾನೇಜರ್ ಫೋನ್ ಮಾಡಿ, "ಬನ್ನಿ ಸಾರ್, 100 ಪಾಯಿಂಟ್ ಫ್ರೀ ಹಾಕಿಕೊಡ್ತೀವಿ" ಅಂದರು. ಪಾಯಿಂಟ್ ಬೇಡ, ರೂಪಾಯಿ ಕೊಡಿ ಅಂದಿದ್ದೇನೆ. ಇನ್ನೂ ಉತ್ತರ ಇಲ್ಲ.