ಹಳೆಯ ಸೈಲೆನ್ಸರನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ

"ಹಳೆಯದನ್ನು ಇಲ್ಲೇ ಬಿಡಿ ಸರ್, 500 ರೂಪಾಯಿ ಕಡಿಮೆ ಮಾಡಿಕೊಡುತ್ತೇನೆ" ಎಂದು ಅಂಗಡಿಯವನು ಹೇಳಿದಾಗ ನನಗೆ ಖುಷಿಯೇ ಆಗಿತ್ತು. ಆ ಭಾರದ ಕೊಳವೆಯನ್ನು ಮನೆಗೆ ಹೊತ್ತು ತಂದು ಮಾಡುವುದೇನು ಎಂದುಕೊಂಡೆ. ನನ್ನ ಪೆದ್ದುತನದ ಪೂರ್ತಿ ಲೆಕ್ಕ ಕೆಳಗಿದೆ, ಓದಿ.

ಬೈಕು 350 ಸಿಸಿಯದು, ಒಂದೇ ಸಿಲಿಂಡರ್, 2021ರಲ್ಲಿ ಕೊಂಡದ್ದು, ಅಂದರೆ ಬಿಎಸ್‌6 ಹೊಗೆ ನಿಯಮದ್ದು. ಚಿಕ್ಕಮಗಳೂರಿನಲ್ಲಿ 6,500 ರೂಪಾಯಿ ಕೊಟ್ಟು ಬೆಂಡ್ ಪೈಪ್ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬಾಗಿದ ಕೊಳವೆ) ಸಮೇತ ಸದ್ದಿನ ಸೈಲೆನ್ಸರ್ ಹಾಕಿಸಿದೆ. ಸದ್ದು ಗಂಭೀರವಾಗಿತ್ತು, ಒಪ್ಪುತ್ತೇನೆ. ಎಂಜಿನ್ ಚಾಲೂ ಮಾಡುತ್ತಲೇ ಮೀಟರಿನಲ್ಲಿ ಹಳದಿ ದೀಪ ಹೊತ್ತಿಕೊಂಡಿತು. "ಅದು ಹಾಗೇ ಸರ್, ತಲೆ ಕೆಡಿಸಿಕೊಳ್ಳಬೇಡಿ" ಎಂದ. ಆಕ್ಸಿಲರೇಟರನ್ನು ನಾಲ್ಕು ಸಲ ತಿರುಗಿಸಿ ಟ್ಯೂನಿಂಗ್ ಆಯಿತು ಎಂದ.

ಮುಂದಿನ ಭಾನುವಾರ ಮುಳ್ಳಯ್ಯನಗಿರಿಗೆ ಹೊರಟೆವು. ಕೈಮರ ದಾಟಿ ಏರು ಶುರುವಾದ ಮೇಲೆ ಬಣ್ಣ ಬಯಲಾಯಿತು. ತಿರುವಿನಲ್ಲಿ ಎದುರು ಕಾರಿಗೆ ನಿಂತು ಮತ್ತೆ ಎಳೆಯಬೇಕೆಂದರೆ ಎಂಜಿನ್ ಗುಡುಗುತ್ತದೆಯೇ ಹೊರತು ಬೈಕು ಅಲುಗುವುದಿಲ್ಲ. ಮೊದಲ ಗೇರು, ಅರ್ಧ ಕ್ಲಚ್, ಸುಟ್ಟ ವಾಸನೆ. ಹಿಂದಿನಿಂದ ಹೆಂಡತಿ, "ರೀ, ನಾನು ಇಳಿದು ನಡೆಯಲೇ?" ಎಂದಳು. ಎತ್ತರದಲ್ಲಿ ಗಾಳಿ ತೆಳು, ಯಾವ ಬೈಕೂ ಸ್ವಲ್ಪ ಸೊರಗುತ್ತದೆ, ನಿಜ. ಆದರೆ ಹಿಂದಿನ ವರ್ಷ ಇದೇ ಬೈಕಿನಲ್ಲಿ, ಇದೇ ಹೆಂಡತಿಯನ್ನು ಕೂರಿಸಿಕೊಂಡು, ಇದೇ ದಾರಿಯನ್ನು ಎರಡನೇ ಗೇರಿನಲ್ಲಿ ಹತ್ತಿದ್ದೆ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟ ಕೂಡಲೇ ಪಟಾಕಿಯಂತೆ ಪಟಪಟ ಸಿಡಿತ ಬೇರೆ.

ಕೊನೆಗೆ ನನ್ನ ಹಳೆಯ ಮೆಕ್ಯಾನಿಕ್ ಬಳಿ ಹೋದೆ. ಬೆಂಡ್ ಪೈಪ್ ಸಿಲಿಂಡರಿಗೆ ಕೂಡುವ ಜಾಗಕ್ಕೆ ಟಾರ್ಚ್ ಹಿಡಿದರು. ಸುತ್ತ ಕಾಡಿಗೆ ಬಳಿದಂತೆ ಮಸಿ. ಅಂಗಡಿಯಲ್ಲಿ ಸಂದು ಮುಚ್ಚುವ ಬಳೆಯನ್ನು, ಅಂದರೆ ಸುಕ್ಕುಗಟ್ಟಿದ ಹಳೆಯ ಗ್ಯಾಸ್ಕೆಟನ್ನೇ ಮತ್ತೆ ಕೂರಿಸಿದ್ದರು. ಅಲ್ಲಿಂದ ಒಳನುಗ್ಗಿದ ಗಾಳಿ, ಉರಿಯದೆ ಹೊರಬಂದ ಪೆಟ್ರೋಲ್ ಆವಿಗೆ ಬಿಸಿ ಕೊಳವೆಯಲ್ಲಿ ಸಿಕ್ಕಿ ಸಿಡಿಯುತ್ತಿತ್ತು. ಪೈಪ್ ಬಿಚ್ಚಿದಾಗ ಒಳಗೆ ಬೆಸುಗೆಯ ಗಂಟು ಕಿರುಬೆರಳ ದಪ್ಪಕ್ಕೆ ಚಾಚಿಕೊಂಡಿತ್ತು. ಟ್ಯಾಂಕಿನ ಕೆಳಗೆ ಕಪ್ಪು ಟೇಪ್ ಸುತ್ತಿದ ಒಂದು ಕನೆಕ್ಟರ್ ನೇತಾಡುತ್ತಿತ್ತು. ಅದು ಆಕ್ಸಿಜನ್ ಸೆನ್ಸರಿನದು. ಸೆನ್ಸರ್ ಹಳೆಯ ಪೈಪಿನ ಜೊತೆಗೇ ಹೋಗಿತ್ತು! ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ತಿಳಿಯದ ಇಸಿಯು (ಎಂಜಿನ್ನಿನ ಪುಟ್ಟ ಕಂಪ್ಯೂಟರ್), ಮೊದಲೇ ಬರೆದಿಟ್ಟ ಲೆಕ್ಕದಂತೆ ಕಣ್ಣುಮುಚ್ಚಿ ಪೆಟ್ರೋಲ್ ಬಿಡುತ್ತಿತ್ತು. ಮೈಲೇಜ್ 35ರಿಂದ 28ಕ್ಕೆ ಇಳಿದದ್ದೇಕೆ ಎಂದು ಆಗ ಅರ್ಥವಾಯಿತು.

ಇನ್ನು "ಬ್ಯಾಕ್ ಪ್ರೆಶರ್ (ಹೊರಹೋಗುವ ಹೊಗೆಗೆ ಕೊಳವೆ ಒಡ್ಡುವ ತಡೆ) ತೆಗೆದರೆ ಪಿಕಪ್ ಬರುತ್ತದೆ" ಎಂಬ ಮಾತು. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಬ್ಯಾಕ್ ಪ್ರೆಶರ್ ಬೇಕೇ ಬೇಕು ಎನ್ನುವವರೂ ಇದ್ದಾರೆ, ಅದೂ ಸರಿಯಲ್ಲ. ಬೇಕಾದದ್ದು ಒತ್ತಡದ ಅಲೆ ಸರಿಯಾದ ಹೊತ್ತಿಗೆ ಬರುವುದು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದೊಡನೆ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತದೆ. ಕೊಳವೆ ಒಮ್ಮೆಲೇ ಅಗಲವಾಗುವಲ್ಲಿ ಅದು ಸೆಳೆತದ ಅಲೆಯಾಗಿ ಹಿಂತಿರುಗುತ್ತದೆ. ಎರಡೂ ವಾಲ್ವುಗಳು ಒಟ್ಟಿಗೆ ತೆರೆದಿರುವ ಚಿಕ್ಕ ಗಳಿಗೆಗೆ ಸರಿಯಾಗಿ ಬಂದು ಮುಟ್ಟಿದರೆ ಉಳಿದ ಹೊಗೆಯನ್ನು ಎಳೆದುಹಾಕಿ ಹೊಸ ಮಿಶ್ರಣಕ್ಕೆ ಜಾಗ ಮಾಡುತ್ತದೆ. ಹೊತ್ತು ತಪ್ಪಿದರೆ ಹೊಗೆ ವಾಪಸು ಸಿಲಿಂಡರಿಗೇ ಬರಬಹುದು. ಕೊಳವೆ ಒಂದು ಗೇಣು ಮೊಟಕಾದರೆ ಅಲೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಮೊದಲೇ ಬರುತ್ತದೆ. 3,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3,000 ಸುತ್ತು) ಅಷ್ಟರೊಳಗೆ ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, 18 ಡಿಗ್ರಿ ತಿರುಗಿರುತ್ತದೆ. ಮೊಟಕು ಕೊಳವೆ ರೇಸಿನವರ ಹೆಚ್ಚಿನ ಆರ್‌ಪಿಎಂಗೆ ಹೊಂದುತ್ತದೆ, ನಮ್ಮ ಘಾಟಿಗಲ್ಲ.

ದಂಡದ ವಿಷಯ ಬೇರೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190(2)ರಡಿ ಸದ್ದು, ಹೊಗೆಯ ಮೊದಲ ತಪ್ಪಿಗೇ 10,000 ರೂಪಾಯಿಯವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ.

ಹಳೆಯ ಪೈಪ್ ಕೇಳಲು ಹೋದರೆ "ಗುಜರಿಗೆ ಹೋಯಿತು ಸರ್" ಎಂಬ ಉತ್ತರ. ನನ್ನ ಬೈಕಿನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷವನ್ನು ಕಡಿಮೆ ಮಾಡುವ ಭಾಗ) ಇದ್ದದ್ದು ಅದರೊಳಗೆ. ಜೇನುಗೂಡಿನಂಥ ಆ ತುಂಡಿಗೆ ಲೇಪಿಸುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಲೋಹಗಳನ್ನು. 500 ರೂಪಾಯಿಯ ಔದಾರ್ಯ ಎಲ್ಲಿಂದ ಬಂತು ಎಂದು ಈಗ ಊಹಿಸಬಲ್ಲೆ. ಕಂಪನಿಯ ಹೊಸ ಪೈಪು, ಸೆನ್ಸರ್ ಸೇರಿ ನನಗೆ ಬಿದ್ದದ್ದು 17,400.

ನೀವು ಈಗಾಗಲೇ ಬದಲಿಸಿದ್ದರೆ ಟ್ಯಾಂಕಿನ ಕೆಳಗೆ ಟೇಪ್ ಸುತ್ತಿದ ಕನೆಕ್ಟರ್ ಇದೆಯೇ, ಬೆಂಡ್ ಪೈಪಿನ ಬುಡದಲ್ಲಿ ಮಸಿ ಇದೆಯೇ ಎಂದು ನೋಡಿ. ಹಳೆಯದು ಇನ್ನೂ ಅಂಗಡಿಯ ಮೂಲೆಯಲ್ಲಿದ್ದರೆ, ಆ 500 ವಾಪಸು ಕೊಟ್ಟಾದರೂ ಇಂದೇ ತನ್ನಿ.