ಮನೆಗೆ ಕೇಬಲ್: ಕ್ಯಾಟ್ 5ಇ ಸಾಕಾ, ಕ್ಯಾಟ್ 6 ಬೇಕಾ?

ಬಳ್ಳಾರಿಯ ನಮ್ಮ ಮನೆಯಲ್ಲಿ ರೂಟರ್ ಕೆಳಗೆ, ಕೆಲಸದ ಕೋಣೆ ಮಾಳಿಗೆ ಮೇಲೆ. ದಪ್ಪ ಕಲ್ಲಿನ ಗೋಡೆ ದಾಟುವಷ್ಟರಲ್ಲಿ ವೈಫೈ ಸುಸ್ತು. ಕೊನೆಗೆ ನೆಟ್‌ವರ್ಕ್ ಕೇಬಲ್ಲೇ ಎಳೆದೆ. ಕ್ಯಾಟ್ 5ಇ, ಕ್ಯಾಟ್ 6 ಅನ್ನೋದು ಈ ಕೇಬಲ್‌ನ ಎರಡು ದರ್ಜೆ.

ಕ್ಯಾಟ್ 5ಇ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗ ಕೊಡುತ್ತದೆ. ಮನೆಗೆ ಧಾರಾಳ. ತೆಳ್ಳಗಿರುವುದರಿಂದ ಹಳೇ ಪೈಪಿನಲ್ಲೂ ಸಲೀಸಾಗಿ ನುಗ್ಗುತ್ತದೆ. ಕ್ಯಾಟ್ 6 ಸ್ವಲ್ಪ ದಪ್ಪ, ಬೆಲೆಯೂ ಜಾಸ್ತಿ. ಆದರೆ ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್ ತಡೆದುಕೊಳ್ಳುತ್ತದೆ. ಹೊಸದಾಗಿ ಗೋಡೆ ಕೊರೆಸುವವರು ಇದನ್ನೇ ಹಾಕಿಸಿ. ಮತ್ತೆ ಯಾರು ಕೊರೆಸ್ತಾರೆ, ಅಲ್ವಾ?

ಇದಕ್ಕಿಂತ ಮುಖ್ಯವಾದದ್ದು ತಾಮ್ರ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಅಷ್ಟೇ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ನಾನು ಮೊದಲು ಅದನ್ನೇ ತಂದು, ತುದಿ ಕಟ್ಟುವಾಗ ಎಳೆಗಳು ಪಟಪಟನೆ ಮುರಿದು ಪೇಚಾಡಿದ್ದೆ.

ತುದಿಗೆ ನೇರವಾಗಿ ಆರ್‌ಜೆ45 ಪ್ಲಗ್ (ರೂಟರ್‌ಗೆ ಚುಚ್ಚುವ ತುದಿ) ಕ್ರಿಂಪ್ ಮಾಡಿದರೆ, ಅಂದರೆ ಇಕ್ಕಳದಿಂದ ಒತ್ತಿ ಕೂರಿಸಿದರೆ, ಖರ್ಚು ಕಡಿಮೆ. ಆದರೆ ಗೋಡೆಯೊಳಗಿನ ಗಟ್ಟಿ ತಂತಿ ಪದೇ ಪದೇ ಬಗ್ಗಿದರೆ ಮುರಿಯುತ್ತದೆ. ನಾನಂತೂ ಗೋಡೆಗೆ ಕೀಸ್ಟೋನ್ ಜಾಕ್, ಅಂದರೆ ಪ್ಲಗ್ ಚುಚ್ಚುವ ಸಾಕೆಟ್, ಕೂರಿಸಿದೆ. ಯಾವ ಬಣ್ಣದ ಎಳೆ ಎಲ್ಲಿಗೆ ಅಂತ ಅದರ ಮೇಲೇ 'ಎ', 'ಬಿ' ಎಂಬ ಎರಡು ಕ್ರಮದ ಗುರುತು ಇರುತ್ತೆ. ಎರಡೂ ತುದಿಗೆ 'ಬಿ' ಕ್ರಮ ಹಿಡಿದರೆ ಆಯ್ತು.

ಮಾಳಿಗೆ ಮೇಲೆ ಹಾಯುವ ಕಡೆ ಮಾತ್ರ ಹೊರಾಂಗಣದ ಕೇಬಲ್ಲೇ ಬೇಕು. ನಮ್ಮೂರ ಬಿಸಿಲು ಗೊತ್ತಲ್ಲ!